ಜಾಗ ಬದಲಿಸಿದ ಕಲ್ಲುಗಳು: ಪಣಜಿ, ಹಳೆ ಗೋವಾ, ತಾಂಬ್ಡಿ ಸುರ್ಲಾಗಳಲ್ಲಿ ನಾಲ್ಕು ದಿನ

ನಾನು ವಾಸ್ಕೋದಲ್ಲಿ ನೆಲೆಸಿ ಇಪ್ಪತ್ತೆರಡು ವರ್ಷಗಳಾದರೂ ಹೊನ್ನಾವರದ ನನ್ನ ಸೋದರಮಾವ ಒಮ್ಮೆಯೂ ಇಲ್ಲಿಗೆ ಬಂದವರಲ್ಲ. ನಲವತ್ತು ವರ್ಷ ಚಿರೆಕಲ್ಲಿನ ಮನೆಗಳನ್ನು ಕಟ್ಟಿದ ಮೇಸ್ತ್ರಿ ಅವರು. ಒಂದು ಮನೆ ಮುಗಿಯುವ ಮೊದಲೇ ಇನ್ನೊಂದರ ಪಾಯ ತೆಗೆಯಬೇಕಾಗುತ್ತಿದ್ದುದರಿಂದ ಅವರಿಗೆ ಬಿಡುವು ಸಿಕ್ಕಿದ್ದೇ ಈಗ, ಕೆಲಸವನ್ನು ಮಗನಿಗೆ ಒಪ್ಪಿಸಿದ ಮೇಲೆ. ಫೆಬ್ರವರಿಯ ಮೊದಲ ವಾರ ಮಡಗಾಂವ್ ನಿಲ್ದಾಣದಲ್ಲಿ ರೈಲಿನಿಂದ ಇಳಿದವರು ಕೈಚೀಲವನ್ನು ನನಗೆ ಕೊಡುತ್ತಲೇ, "ಸಮುದ್ರ ನಮ್ಮೂರಲ್ಲೂ ಇದೆ ತಮಾ, ನನಗೆ ಹಳೆಯ ಕಟ್ಟಡ ತೋರಿಸು" ಎಂದರು. ಹಾಗಾಗಿ ನಾಲ್ಕು ದಿನ ರಜೆ ಹಾಕಿ, ಒಂದು ಕಡಲತೀರಕ್ಕೂ ಹೋಗದೆ, ಗೋವೆಯನ್ನು ಅದರ ಗೋಡೆಗಳ ಮೂಲಕ ನೋಡಿದೆವು. ಇಷ್ಟು ವರ್ಷ ಕಣ್ಣೆದುರಿಗಿದ್ದರೂ ನಾನು ಗಮನಿಸದೇ ಹೋದದ್ದನ್ನು ಅವರ ಜೊತೆಯಲ್ಲಿ ಗಮನಿಸಿದೆ.

ಮೊದಲ ದಿನ, ಸೋಮವಾರ: ಪಣಜಿ

ವಾಸ್ಕೋದಿಂದ ಪಣಜಿಗೆ ಸುಮಾರು ಮೂವತ್ತು ಕಿಲೋಮೀಟರ್. ಸರ್ಕಾರಿ ಬಸ್ಸಿನ ಮೈಮೇಲೆ 'ಕದಂಬ' ಎಂದು ಬರೆದಿದ್ದನ್ನು ಕಂಡು ಮಾವ ನಿಂತೇಬಿಟ್ಟರು. ಗೋವೆಯ ಸಾರಿಗೆ ನಿಗಮ 1980ರಲ್ಲಿ ಆರಂಭವಾದಾಗ ಅದಕ್ಕೆ ಇಟ್ಟ ಹೆಸರು ಕದಂಬ. ಬನವಾಸಿಯ ಹೆಸರನ್ನು ಹೊತ್ತ ಬಸ್ಸಿನಲ್ಲಿ ಇಲ್ಲಿಯ ಜನ ಪ್ರತಿದಿನ ಕೆಲಸಕ್ಕೆ ಹೋಗಿಬರುತ್ತಾರೆ. ಗೋವೆಯ ಕದಂಬರು ತಮ್ಮನ್ನು 'ಬನವಾಸಿ ಪುರವರಾಧೀಶ್ವರ' ಎಂದೇ ಕರೆದುಕೊಳ್ಳುತ್ತಿದ್ದರು ಎಂದು ನಾನು ಹೇಳಿದಾಗ, ಮಾವ ಕಿಟಕಿಯ ಪಕ್ಕ ಕುಳಿತು ಜುವಾರಿ ಸೇತುವೆ ಮುಗಿಯುವವರೆಗೂ ಬೇರೆ ಮಾತಾಡಲಿಲ್ಲ.

ಪಣಜಿ ಒಂದು ರಾಜ್ಯದ ರಾಜಧಾನಿಯಾದರೂ ಕಾಲ್ನಡಿಗೆಯಲ್ಲಿ ಒಂದೇ ದಿನದಲ್ಲಿ ನೋಡಿ ಮುಗಿಸಬಹುದಾದಷ್ಟು ಚಿಕ್ಕ ಊರು. ನಾವು ಮಾಂಡೋವಿಯ ದಂಡೆಯಲ್ಲಿರುವ ಹಳೆಯ ಸಚಿವಾಲಯದಿಂದ ಆರಂಭಿಸಿದೆವು. ಇದು ಮೂಲತಃ ಬಿಜಾಪುರದ ಯೂಸುಫ್ ಆದಿಲ್ ಶಾಹ ನದಿಯ ದಂಡೆಯಲ್ಲಿ ಕಟ್ಟಿಸಿಕೊಂಡ ಬೇಸಿಗೆಯ ಅರಮನೆ. ಪೋರ್ಚುಗೀಸರು ಅದನ್ನು ಹಿಡಿದು, ಮಾರ್ಪಡಿಸಿ, 1759ರಿಂದ ತಮ್ಮ ವೈಸರಾಯರ ನಿವಾಸವಾಗಿ ಮಾಡಿಕೊಂಡರು. ಗೋವಾ ವಿಮೋಚನೆಯಾದ ಮೇಲೆ 2000ನೇ ಇಸವಿಯವರೆಗೂ ವಿಧಾನಸಭೆ ಇಲ್ಲಿಯೇ ಸೇರುತ್ತಿತ್ತು. ಇಳಿಜಾರು ಹೆಂಚಿನ ಮಾಡು, ಸಾಲುಗಟ್ಟಿದ ಮರದ ಕಿಟಕಿಗಳು, ಬಿಳಿ ಗೋಡೆ – ಹೊರಗಿನಿಂದ ನೋಡಿದರೆ ಗೋಲಗುಮ್ಮಟದ ಊರಿನ ನೆನಪು ತರುವ ಯಾವುದೂ ಇಲ್ಲಿ ಉಳಿದಿಲ್ಲ. ಆದರೆ ಎದುರಿನ ರಸ್ತೆಯ ಬದಿಯಲ್ಲಿ ಕಲ್ಲಂಗಡಿ ಹೋಳು ಮಾರುತ್ತಿದ್ದ ಹೆಂಗಸು ನಮ್ಮ ಮಾತು ಕೇಳಿ, "ಯಾವೂರ್ರೀ ನಿಮ್ದು? ನಮ್ದು ಬಿಜಾಪುರ ಕಡೆ" ಎಂದು ಕರೆದು ಮಾತಾಡಿಸಿದಾಗ, ಆ ಊರಿನ ಸುಲ್ತಾನನ ಅರಮನೆಯ ನೆರಳಿನಲ್ಲಿಯೇ ಅವರು ಬುಟ್ಟಿ ಇಟ್ಟುಕೊಂಡಿದ್ದಾರೆ ಎಂಬುದನ್ನು ನಾನು ಅವರಿಗೆ ಹೇಳಿದೆ. ಅವರು ತಲೆಯೆತ್ತಿ ಆ ಕಟ್ಟಡವನ್ನು ಒಮ್ಮೆ ಪೂರ್ತಿಯಾಗಿ ನೋಡಿದರು.

ಅರಮನೆಯ ಪಕ್ಕದಲ್ಲಿಯೇ ಅಬ್ಬೆ ಫಾರಿಯಾ ಅವರ ಪ್ರತಿಮೆಯಿದೆ. 1756ರಲ್ಲಿ ಕಾಂದೋಳಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ ಈ ಪಾದ್ರಿ, ಸಂಮೋಹನದ ಗುಟ್ಟು ಮಾಡುವವನ ಶಕ್ತಿಯಲ್ಲಿಲ್ಲ, ಒಳಗಾಗುವವನ ಮನಸ್ಸಿನಲ್ಲಿದೆ ಎಂದು ಮೊದಲಿಗೆ ವಾದಿಸಿದವರಲ್ಲಿ ಒಬ್ಬರು. ಅಲ್ಲಿಂದ ಒಂದೈದು ನಿಮಿಷ ನಡೆದರೆ ನಿರ್ಮಲ ಗರ್ಭದ ಮಾತೆಯ ಇಗರ್ಜಿ. 1541ರಲ್ಲಿ ಚಿಕ್ಕ ಪ್ರಾರ್ಥನಾಲಯವಾಗಿದ್ದದ್ದು 1619ರಲ್ಲಿ ದೊಡ್ಡದಾಯಿತು. ಎಲ್ಲ ಚಿತ್ರಗಳಲ್ಲಿ ಕಾಣುವ ಅಂಕುಡೊಂಕಾದ ಮೆಟ್ಟಿಲುಗಳು ಬಂದದ್ದು 18ನೇ ಶತಮಾನದಲ್ಲಿ. ನನಗೆ ಹೆಚ್ಚು ಮುಖ್ಯವೆನಿಸುವುದು ಮೇಲೆ ನಡುವೆ ತೂಗುತ್ತಿರುವ ಗಂಟೆ. ಅದು ಈ ಇಗರ್ಜಿಗಾಗಿ ಎರಕ ಹೊಯ್ದದ್ದಲ್ಲ. ಹಳೆ ಗೋವೆಯ ಅಗಸ್ಟೀನ್ ಮಠ ಪಾಳುಬಿದ್ದ ಮೇಲೆ ಅದರ ಗೋಪುರದಿಂದ ಇಳಿದು, ಅಗ್ವಾದ ಕೋಟೆಯ ದೀಪಸ್ತಂಭದಲ್ಲಿ ಕೆಲವು ಕಾಲವಿದ್ದು, 1871ರಲ್ಲಿ ಇಲ್ಲಿಗೆ ಬಂದು ಸೇರಿತು. ಈ ಮಾತು ಕೇಳಿದ ಮಾವ, "ಹಾಗಾದ್ರೆ ಗಂಟೆಗೂ ಮೂರು ಮನೆ ಆಯ್ತು" ಎಂದರು. ನಾಲ್ಕೂ ದಿನ ನಾವು ಹೋದಲ್ಲೆಲ್ಲ ಇದೇ ಮಾತು ಬೇರೆ ಬೇರೆ ರೂಪದಲ್ಲಿ ಎದುರಾಗುತ್ತಲೇ ಹೋಯಿತು.

ಮಧ್ಯಾಹ್ನ ಬಂಗಡೆ ಮೀನಿನ ಊಟ ಮುಗಿಸಿ ಫೊಂತೇನ್ಯಾಸ್ ಕೇರಿಗೆ ಹೋದೆವು. ಹೆಸರಿನ ಅರ್ಥ ಚಿಕ್ಕ ಚಿಲುಮೆಗಳು; ಮಳಾ ಗುಡ್ಡದ ಬುಡದಲ್ಲಿರುವ ನೀರಿನ ಸೆಲೆಯಿಂದ ಬಂದದ್ದು. ಹಳದಿ, ನೀಲಿ, ಕಾವಿ ಬಣ್ಣದ ಮನೆಗಳ ಮುಂದೆ ಚಿತ್ರ ತೆಗೆಸಿಕೊಳ್ಳುವವರ ಗುಂಪು ಈಗ ಎಷ್ಟಿದೆಯೆಂದರೆ, ಕೆಲವು ಮನೆಯವರು ದಯವಿಟ್ಟು ಜಗಲಿ ಹತ್ತಬೇಡಿ ಎಂದು ಫಲಕ ತೂಗುಹಾಕಿದ್ದಾರೆ. ಅದನ್ನು ಗೌರವಿಸಬೇಕು, ಇದು ವಸ್ತುಸಂಗ್ರಹಾಲಯವಲ್ಲ, ಒಳಗೆ ಅಜ್ಜಿಯಂದಿರು ಮಧ್ಯಾಹ್ನ ಮಲಗಿರುತ್ತಾರೆ. ಒಂದು ಹಳೆಯ ಮನೆಯ ಕಿಟಕಿಯಲ್ಲಿ ಗಾಜಿನ ಬದಲು ಚಿಪ್ಪಿನ ಹಾಳೆಗಳು ಇನ್ನೂ ಉಳಿದಿದ್ದವು. ಅಂಗೈಯಷ್ಟೂ ಅಗಲವಿಲ್ಲದ ತೆಳ್ಳನೆಯ ಚಿಪ್ಪುಗಳನ್ನು ಚೌಕಾಕಾರವಾಗಿ ಕತ್ತರಿಸಿ ಮರದ ಸಣ್ಣ ಸಣ್ಣ ಪಟ್ಟಿಗಳ ನಡುವೆ ಸೇರಿಸಿದ್ದರು; ಬಿಸಿಲು ಅದರ ಮೂಲಕ ಹಾದಾಗ ನೀರು ಬೆರೆಸಿದ ಹಾಲಿನ ಬಣ್ಣಕ್ಕೆ ತಿರುಗುತ್ತಿತ್ತು. ಮಾವ ರಸ್ತೆಯಲ್ಲಿಯೇ ನಿಂತು ಆ ಪಟ್ಟಿಗಳ ಜೋಡಣೆಯನ್ನು ಬಹಳ ಹೊತ್ತು ನೋಡಿದರು. ಅವರ ಎಳವೆಯಲ್ಲಿ ಹೊನ್ನಾವರದ ಕಡೆ ಬಳಚಿನ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಂತೆ. ಚಿಪ್ಪನ್ನು ಸುಡದೆ ಕಿಟಕಿಗೆ ಹಾಕಬಹುದೆಂದು ನಮ್ಮವರಿಗೇಕೆ ಹೊಳೆಯಲಿಲ್ಲ ಎಂಬುದು ಅವರ ಪ್ರಶ್ನೆ.

ಅಲ್ಲಿಯ ಸಂತ ಸೆಬಾಸ್ಟಿಯನ್ನರ ಚಿಕ್ಕ ಪ್ರಾರ್ಥನಾಲಯದೊಳಗಿರುವ ಶಿಲುಬೆಯ ಮೇಲಿನ ಕ್ರಿಸ್ತನ ಕಣ್ಣುಗಳು ತೆರೆದಿವೆ. ಹಳೆ ಗೋವೆಯ ಇನ್‌ಕ್ವಿಸಿಶನ್ ನ್ಯಾಯಾಲಯದಲ್ಲಿ, ಅಂದರೆ ಕ್ರೈಸ್ತ ಮತಕ್ಕೆ ದ್ರೋಹ ಬಗೆದರೆಂಬ ಆರೋಪದ ಮೇಲೆ ಜನರನ್ನು ದಂಡಿಸುತ್ತಿದ್ದ ಕಡೆ, ವಿಚಾರಣೆಗೆ ನಿಂತವರ ಎದುರಿಗೆ ಇದ್ದ ಶಿಲುಬೆ ಇದು. 1560ರಲ್ಲಿ ಶುರುವಾದ ಆ ಭಯಾನಕ ವ್ಯವಸ್ಥೆ 1812ರಲ್ಲಿ ಕೊನೆಗೊಂಡಾಗ ಶಿಲುಬೆ ನಾವು ಬೆಳಿಗ್ಗೆ ನೋಡಿದ ಅರಮನೆಗೆ ಬಂತು, 1918ರಲ್ಲಿ ಈ ಕೇರಿಗೆ. ಈಗ ಅದರ ಎದುರು ಮೇಣದಬತ್ತಿ ಹಚ್ಚುವವರು ಅಕ್ಕಪಕ್ಕದ ಮನೆಯವರು.

ಎರಡನೆಯ ದಿನ, ಮಂಗಳವಾರ: ಹಳೆ ಗೋವಾ

ಪಣಜಿಯಿಂದ ಹಳೆ ಗೋವೆಗೆ ಹೋಗುವ ದಾರಿಯೇ ಒಂದು ಸ್ಮಾರಕ. ಪಣಜಿಗೂ ರಾಯಬಂದರಿಗೂ ನಡುವೆ ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೆ, ಒಂದು ಬದಿ ನದಿ, ಇನ್ನೊಂದು ಬದಿ ಉಪ್ಪಿನ ಆಗರ ಮತ್ತು ಕಾಂಡ್ಲಾ ಗಿಡಗಳ ಕೆಸರು. ಅದರ ಮೇಲೆ 1630ರ ದಶಕದಲ್ಲಿ ವೈಸರಾಯ್ ಲಿನ್ಹಾರೆಸ್ ಕಟ್ಟಿಸಿದ ಕಲ್ಲಿನ ಏರಿಯ ಮೇಲೆಯೇ ಇವತ್ತಿಗೂ ಬಸ್ಸು ಓಡುತ್ತದೆ. ಕೆಸರಿನ ಮೇಲೆ ಕಟ್ಟಿದ್ದು ಸುಮಾರು ನಾಲ್ಕು ನೂರು ವರ್ಷ ಕೂರದೆ ನಿಂತಿದೆ ಎಂದರೆ ಅದರ ಅಡಿಪಾಯ ಹಾಕಿದವರಿಗೆ ಕೈ ಮುಗಿಯಬೇಕು ಎಂದರು ಮಾವ.

ಹಳೆ ಗೋವೆಯ ಪ್ರವಾಸಿಗರು ಬಸ್ಸಿಳಿದು ನೇರವಾಗಿ ದೊಡ್ಡ ಇಗರ್ಜಿಗಳಿಗೆ ಹೋಗುತ್ತಾರೆ. ನನ್ನ ಸಲಹೆ ಬೇರೆ: ಮೊದಲು ನದಿಯ ಕಡೆಗೆ ಇಳಿದು, ಹಿಂದೆ ಹಡಗಿನಲ್ಲಿ ಬಂದವರು ಊರನ್ನು ಹೇಗೆ ಹೊಗುತ್ತಿದ್ದರೋ ಹಾಗೆ ವೈಸರಾಯರ ಕಮಾನಿನ ಮೂಲಕ ಬರಬೇಕು. ವಾಸ್ಕೋ ಡ ಗಾಮನ ಮರಿಮಗ ಫ್ರಾನ್ಸಿಸ್ಕೋ ಡ ಗಾಮ 16ನೇ ಶತಮಾನದ ಕೊನೆಯಲ್ಲಿ ವೈಸರಾಯನಾಗಿ ಬಂದಾಗ ಮುತ್ತಜ್ಜನ ನೆನಪಿಗೆ ಕಟ್ಟಿಸಿದ್ದು ಅದು. ಈಗ ಕಾಣುವುದು 1954ರಲ್ಲಿ ಪುನಃ ಕಟ್ಟಿದ ರೂಪ. ನದಿಯ ಬದಿಗೆ ಗಾಮನ ಪ್ರತಿಮೆ, ಊರಿನ ಬದಿಗೆ ಪೇಟಾ ತೊಟ್ಟ ಒಬ್ಬನನ್ನು ಕಾಲಡಿಯಲ್ಲಿ ಮೆಟ್ಟಿನಿಂತ ಸಂತ ಕ್ಯಾಥರೀನ್. 1510ರ ನವೆಂಬರ್ 25ರಂದು, ಅಂದರೆ ಆ ಸಂತಳ ಹಬ್ಬದ ದಿನ, ಪೋರ್ಚುಗೀಸರ ಸೇನಾನಿ ಅಲ್ಬುಕರ್ಕ್ ಬಿಜಾಪುರದವರಿಂದ ಈ ನಗರವನ್ನು ಎರಡನೆಯ ಸಲ ಗೆದ್ದುಕೊಂಡ. ಗೆದ್ದ ಮೇಲೆ ಊರಿನ ಮುಸಲ್ಮಾನರನ್ನು ಕೊಲ್ಲಿಸಿದ.

ಅಲ್ಲಿಯೇ ನಿಂತು ಮಾವನಿಗೆ ಒಂದು ಮಾತು ಹೇಳಬೇಕಾಯಿತು. ಅದೇ ವರ್ಷ ಬೇರೆ ಕಡೆಗೆ ಹೊರಟಿದ್ದ ಅಲ್ಬುಕರ್ಕನನ್ನು, ಸುಲ್ತಾನ ತೀರಿಕೊಂಡಿದ್ದಾನೆ, ಗೋವೆಯ ಕಾವಲು ಸಡಿಲಾಗಿದೆ ಎಂದು ಹೇಳಿ ಇತ್ತ ತಿರುಗಿಸಿದವನು ಹೊನ್ನಾವರದ ತಿಮ್ಮೋಜ. ವಿಜಯನಗರಕ್ಕೆ ಬೇಕಾದ ಅರಬ್ಬಿ ಕುದುರೆಗಳು ಹೊನ್ನಾವರ, ಭಟ್ಕಳಗಳಲ್ಲಿ ಇಳಿಯುತ್ತಿದ್ದ ಕಾಲ ಅದು; ಗೋವೆಯ ಬಂದರು ಬಿಜಾಪುರದ ಕೈಯಲ್ಲಿದ್ದದ್ದು ಶರಾವತಿಯ ಬಾಯಿಯಲ್ಲಿ ಹಡಗು ನಿಲ್ಲಿಸಿಕೊಂಡಿದ್ದ ನಾಯಕನಿಗೆ ಸಹ್ಯವಾಗಿರಲಿಕ್ಕಿಲ್ಲ. ಮಾವ ಕಮಾನಿನ ಗೋಡೆಗೆ ಕೈಯಿಟ್ಟು ನಿಂತೇ ಇದ್ದರು. "ನಮ್ಮೂರವನೇ ದಾರಿ ತೋರ್ಸಿದ್ದಾ?" ಎಂದು ಎರಡು ಸಲ ಕೇಳಿದರು. ಶಾಲೆಯಲ್ಲಿ ತಮಗಾಗಲಿ ತಮ್ಮ ಮಕ್ಕಳಿಗಾಗಲಿ ಇದನ್ನು ಯಾರೂ ಹೇಳಿರಲಿಲ್ಲವೆಂಬುದು ಅವರ ಮನಸ್ಸಿಗೆ ನಾಟಿತ್ತು. ನಮ್ಮ ಕರಾವಳಿಯ ಪಠ್ಯಗಳಲ್ಲಿ ತಿಮ್ಮೋಜನಿಗೆ ಒಂದು ಪುಟವಾದರೂ ಇರಬೇಕು ಎಂದು ನನಗೂ ಅನ್ನಿಸುತ್ತದೆ. ಹೊಗಳಲು ಅಲ್ಲ, ತೆಗಳಲೂ ಅಲ್ಲ, ಆ ಕಾಲದ ಕಡಲನ್ನು ಅರ್ಥಮಾಡಿಕೊಳ್ಳಲು.

ಕಮಾನು ದಾಟಿ ಸ್ವಲ್ಪ ಮುಂದೆ, ಹುಲ್ಲಿನ ನಡುವೆ ಒಂದು ಬಾಗಿಲು ಒಂಟಿಯಾಗಿ ನಿಂತಿದೆ: ಎರಡು ಕರಿಕಲ್ಲಿನ ಕಂಬ, ಮೇಲೊಂದು ಕೆತ್ತನೆಯ ತೊಲೆ, ಅಕ್ಕಪಕ್ಕ ಜಾಲಂಧ್ರದ ತುಣುಕು, ಹತ್ತಲು ಕೆಲವು ಮೆಟ್ಟಿಲು. ಆದಿಲ್ ಶಾಹನ ಹಳೆ ಗೋವೆಯ ಅರಮನೆಯಲ್ಲಿ ಉಳಿದಿರುವುದು ಇಷ್ಟೇ. ಅರಮನೆಯನ್ನು 1820ರಲ್ಲಿ ಕಿತ್ತು, ಪಣಜಿಯ ಕಟ್ಟಡಗಳಿಗೆ ಅದರ ಕಲ್ಲನ್ನು ಸಾಗಿಸಿದರು. ಆದರೆ ಈ ಬಾಗಿಲನ್ನು ನೋಡಿದರೆ ಅದು ಸುಲ್ತಾನನಿಗಾಗಿ ಕಡೆದದ್ದೆಂದೂ ಅನ್ನಿಸುವುದಿಲ್ಲ. ಅದರ ಕಂಬ, ತೊಲೆ, ಹೂಬಳ್ಳಿಯ ಪಟ್ಟಿಕೆಗಳು ನಮ್ಮ ಕಡೆಯ ದೇವಾಲಯಗಳ ಬಾಗಿಲವಾಡಗಳದ್ದೇ ರೀತಿ. ಇನ್ನೂ ಹಳೆಯ ಗುಡಿಯೊಂದರಿಂದ ಬಂದ ಕಲ್ಲುಗಳಿವು ಎಂಬುದು ಬಲ್ಲವರ ಅಭಿಪ್ರಾಯ. ಗುಡಿಯಿಂದ ಅರಮನೆಗೆ, ಅರಮನೆಯಿಂದ ಬಯಲಿಗೆ. ದಿನವೂ ಸಾವಿರಾರು ಜನ ಇದರ ಪಕ್ಕದಲ್ಲಿ ಹಾದು ಹೋಗುತ್ತಾರೆ. ನಾವು ಅಲ್ಲಿದ್ದ ಅರ್ಧ ಗಂಟೆಯಲ್ಲಿ ನಿಂತು ನೋಡಿದವರು ನಾವಿಬ್ಬರೇ.

1562ರಲ್ಲಿ ಶುರುವಾಗಿ ಮುಗಿಯಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿದ ಸೆ ಕ್ಯಾಥೆಡ್ರಲ್ಲಿಗೆ ಒಂದೇ ಗೋಪುರ. ಇನ್ನೊಂದು 1776ರಲ್ಲಿ ಬಿತ್ತು. ಅದರ ಹಿಂದಿನ ಅಸ್ಸಿಸಿಯ ಸಂತ ಫ್ರಾನ್ಸಿಸರ ಇಗರ್ಜಿಗೆ ಸೇರಿದ ಮಠದಲ್ಲಿ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಶುಕ್ರವಾರ ಅದಕ್ಕೆ ರಜೆ, ನೆನಪಿರಲಿ. ಕನ್ನಡಿಗರು ಅಲ್ಲಿ ನೋಡಲೇಬೇಕಾದದ್ದು ಕದಂಬರ ಕಾಲದ ವೀರಗಲ್ಲುಗಳು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಪೂಜೆ – ಧಾರವಾಡ, ಹಾವೇರಿಗಳ ಊರಬಾಗಿಲಲ್ಲಿ ನಾವು ಕಾಣುವ ಕ್ರಮವೇ. ಆದರೆ ಇಲ್ಲಿ ದೋಣಿಯೇರಿ ಹೋರಾಡಿದವರಿಗೂ ವೀರಗಲ್ಲುಗಳಿವೆ. ಘಟ್ಟದ ಮೇಲೆ ದನ ಕಾಯುತ್ತ ಸತ್ತವನಿಗೆ ಸಿಕ್ಕ ಸ್ವರ್ಗ ಕಡಲಿನಲ್ಲಿ ಸತ್ತವನಿಗೂ ಸಿಕ್ಕಿದೆ. ಮೇಲಿನ ಮಾಳಿಗೆಯಲ್ಲಿ ವೈಸರಾಯರ ಆಳೆತ್ತರದ ಚಿತ್ರಗಳಿವೆ. ಅವನ್ನು ಬೇಗ ನೋಡಿ ಇಳಿದೆವು.

ಮಾವ ಹೆಚ್ಚು ಹೊತ್ತು ಕಳೆದದ್ದು ಬೋಮ್ ಜೀಸಸ್ ಬೆಸಿಲಿಕಾದ ಹೊರಗೆ. ಒಳಗೆ ಸಂತ ಫ್ರಾನ್ಸಿಸ್ ಜೇವಿಯರ್ ಅವರ ದೇಹವಿದೆ. 1552ರಲ್ಲಿ ಚೀನಾ ಕರಾವಳಿಯ ದ್ವೀಪದಲ್ಲಿ ತೀರಿಕೊಂಡ ಅವರನ್ನು ಮಲಾಕಾ ಮಾರ್ಗವಾಗಿ ಇಲ್ಲಿಗೆ ತಂದರು, ಗೋವೆಯ ಅಕ್ಕಸಾಲಿಗರು ಬೆಳ್ಳಿಯ ಪೆಟ್ಟಿಗೆ ಮಾಡಿದರು, ಅದರ ಕೆಳಗಿನ ಅಮೃತಶಿಲೆಯ ಪೀಠವನ್ನು ಇಟಲಿಯ ತಸ್ಕನಿಯ ದೊರೆ ಮೂರನೆಯ ಕೊಸಿಮೊ ಕಳಿಸಿಕೊಟ್ಟ. ಕೈಮುಗಿದು ಬಂದ ಮಾವ ಹೊರಗೋಡೆಯ ಬಳಿ ಬಾಗಿದರು. 1605ರಲ್ಲಿ ಪ್ರತಿಷ್ಠೆಯಾದ ಈ ಕಟ್ಟಡಕ್ಕೆ ಗಾರೆಯಿಲ್ಲ. ಕೆಂಪು ಚಿರೆಕಲ್ಲು ಬರಿಮೈಯಲ್ಲಿ ನಿಂತಿದೆ. ಕೆತ್ತನೆಯ ಭಾಗಗಳಿಗೆ ಮಾತ್ರ ವಸಾಯಿಯಿಂದ ತಂದ ಕರಿಕಲ್ಲು. ಎಲ್ಲರೂ ಈ ಕೆಂಪನ್ನೇ ಇದರ ಮೂಲ ಚೆಲುವು ಎಂದುಕೊಳ್ಳುತ್ತಾರೆ. ನಿಜವೇನೆಂದರೆ, ಇದಕ್ಕೂ ಉಳಿದ ಇಗರ್ಜಿಗಳಂತೆ ಬಿಳಿ ಗಾರೆಯಿತ್ತು. ಹಳೆಯ ಕಟ್ಟಡ ಹಳೆಯದಾಗಿಯೇ ಕಾಣಲಿ ಎಂದು 1950ರ ದಶಕದಲ್ಲಿ ಅದನ್ನು ಕೆತ್ತಿ ತೆಗೆಸಿದರು.

"ಚಿರೆಕಲ್ಲು ಹೊಂಡದಿಂದ ತೆಗೆಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಆದರೆ ಮೈಯೆಲ್ಲ ತೂತು. ಮಳೆ ಒಳಗೆ ಹೋಗ್ತದೆ, ಹೋದದ್ದು ಸುಲಭಕ್ಕೆ ಬರೂದಿಲ್ಲ. ಸುಣ್ಣದ ಗಾರೆ ಅಂದ್ರೆ ಅದ್ಕೆ ಅಂಗಿ ತಮಾ, ಅಲಂಕಾರ ಅಲ್ಲ" ಎಂದರು ಮಾವ. ಗೋಡೆಯ ಕೆಳಭಾಗದ ಒಂದು ಕಲ್ಲಿನ ಅಂಚು ಬೆಲ್ಲದ ಹಾಗೆ ಪುಡಿಯಾಗಿತ್ತು; ಅವರು ಅದನ್ನು ಮುಟ್ಟಲಿಲ್ಲ, ಬೆರಳನ್ನು ಒಂದು ಗೇಣು ದೂರದಲ್ಲಿಯೇ ಹಿಡಿದು ತೋರಿಸಿದರು. ಗಾರೆಯನ್ನು ಮತ್ತೆ ಹಾಕಬೇಕೆಂದು ಗೋವೆಯ ಸಂರಕ್ಷಣಾ ತಜ್ಞರೂ ವರ್ಷಗಳಿಂದ ಕೇಳುತ್ತಿದ್ದಾರೆ. ಚಿತ್ರಗಳಲ್ಲಿ ಕೆಂಪಗೆ ಕಾಣಲಿ ಎಂಬ ನಮ್ಮ ಆಸೆಗಿಂತ ಕಲ್ಲಿನ ಆಯುಷ್ಯ ದೊಡ್ಡದು ಎಂದು ನಾನು ದೃಢವಾಗಿ ನಂಬುತ್ತೇನೆ.

ಸಂಜೆ ಪವಿತ್ರ ಗುಡ್ಡಕ್ಕೆ ಹತ್ತಿ ಅಗಸ್ಟೀನ್ ಗೋಪುರವನ್ನು ನೋಡಿದೆವು. 1602ರ ಇಗರ್ಜಿಯ ಚಾವಣಿ 1842ರಲ್ಲಿ ಕುಸಿಯಿತು, 1931ರಲ್ಲಿ ಗೋಪುರದ ಅರ್ಧ ಭಾಗವೂ ಬಿತ್ತು. ಉಳಿದದ್ದು 46 ಮೀಟರ್ ಎತ್ತರದ ಒಂದು ಕೆಂಪು ಗೋಡೆ. ಪಣಜಿಯ ಗಂಟೆಯ ಮೊದಲ ಮನೆ ಇದೇ. ಇರಾನಿನಲ್ಲಿ 1624ರಲ್ಲಿ ಹಿಂಸೆಗೊಳಗಾಗಿ ಸತ್ತ ಜಾರ್ಜಿಯಾದ ರಾಣಿ ಕೆತೆವಾನಳ ಅಸ್ಥಿ ಸಿಕ್ಕದ್ದೂ ಈ ಅವಶೇಷಗಳ ನಡುವೆಯೇ. ಡಿಎನ್‌ಎ ಪರೀಕ್ಷೆಯಿಂದ ಖಚಿತವಾದ ಮೇಲೆ 2021ರಲ್ಲಿ ಭಾರತ ಅದರ ಒಂದು ಭಾಗವನ್ನು ಆಕೆಯ ನಾಡಿಗೆ ಒಪ್ಪಿಸಿತು.

ಮೂರನೆಯ ದಿನ, ಬುಧವಾರ: ದಿವಾರ್ ಮತ್ತು ನಾರ್ವೆ

ಹಳೆ ಗೋವೆಯ ದಂಡೆಯಿಂದ ಫೆರಿ ದೋಣಿಯಲ್ಲಿ ಹತ್ತೇ ನಿಮಿಷಕ್ಕೆ ದಿವಾರ್ ದ್ವೀಪ. ಗದ್ದೆಗಳ ಸುತ್ತ ಮಣ್ಣಿನ ದಂಡೆ, ಉಬ್ಬರ ಇಳಿತಕ್ಕೆ ತಕ್ಕಂತೆ ತೆರೆದು ಮುಚ್ಚುವ ಮರದ ಬಾಗಿಲು. ಇಲ್ಲಿಯವರು ಖಾಜನ್ ಎನ್ನುವ ಈ ಹಿನ್ನೀರ ಗದ್ದೆ ನಮ್ಮ ಕುಮಟಾ, ಹೊನ್ನಾವರದ ಗಜನಿಯೇ. ನಮ್ಮಲ್ಲಿ ಕಗ್ಗ ಬೆಳೆಯುವಂತೆ ಇವರು ಉಪ್ಪು ತಡೆಯುವ ಕೊರ್ಗುಟ್ ಭತ್ತ ಬೆಳೆಯುತ್ತಾರೆ. ಕದಂಬರ ಕುಲದೇವರಾದ ಸಪ್ತಕೋಟೇಶ್ವರನ ಮೂಲ ಗುಡಿ ಇದೇ ದ್ವೀಪದಲ್ಲಿತ್ತು. ಬಹಮನಿಗಳ ಕಾಲದಲ್ಲಿ ಅದು ಹಾಳಾಯಿತು, 14ನೇ ಶತಮಾನದ ಕೊನೆಯಲ್ಲಿ ವಿಜಯನಗರದ ಮಾಧವ ಮಂತ್ರಿ ಮತ್ತೆ ನಿಲ್ಲಿಸಿದ, ಪೋರ್ಚುಗೀಸರು ಪುನಃ ಕೆಡವಿದರು. ಲಿಂಗವನ್ನು ಹೊಳೆ ದಾಟಿಸಿ ನಾರ್ವೆಗೆ ಒಯ್ದರು. 1668ರಲ್ಲಿ ಶಿವಾಜಿ ಅಲ್ಲಿ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದ. ನಾವೂ ಅದೇ ದಾರಿಯಲ್ಲಿ, ಇನ್ನೊಂದು ದೋಣಿ ಹಿಡಿದು ನಾರ್ವೆಗೆ ಹೋದೆವು. ಧಾರಾಲಿಂಗವಾದ್ದರಿಂದ ಅದರ ಮೈಯಲ್ಲಿ ಉದ್ದುದ್ದ ಮುಖಗಳಿವೆ. ಗುಡಿಯನ್ನು ಇತ್ತೀಚೆಗೆ ದುರಸ್ತಿ ಮಾಡಿದ್ದಾರೆ. ದೀಪಸ್ತಂಭದ ಬುಡದಲ್ಲಿ ಕುಳಿತು ಬುತ್ತಿ ಬಿಚ್ಚಿದೆವು.

ನಾಲ್ಕನೆಯ ದಿನ, ಗುರುವಾರ: ತಾಂಬ್ಡಿ ಸುರ್ಲಾ

ಕೊನೆಯ ದಿನಕ್ಕೆ ಬಾಡಿಗೆ ಕಾರು ಹೇಳಿದ್ದೆವು. ಆರಕ್ಕೆ ಬರಬೇಕಾದದ್ದು ಎಂಟೂವರೆಗೆ ಬಂದದ್ದರಿಂದ ಫೋಂಡಾದ ಗುಡಿಗಳನ್ನು ಬಿಟ್ಟು ನೇರವಾಗಿ ಕಾಡಿನ ದಾರಿ ಹಿಡಿಯಬೇಕಾಯಿತು. ಬೋಳ್ಕರ್ಣೆಯ ನಂತರ ಮೊಬೈಲಿಗೆ ಸಂಕೇತವಿಲ್ಲ, ಅಂಗಡಿಗಳಿಲ್ಲ; ಅನಮೋಡ ಘಟ್ಟದ ಬುಡದ ದಟ್ಟ ಕಾಡು. ತಾಂಬ್ಡಿ ಎಂದರೆ ಕೊಂಕಣಿಯಲ್ಲಿ ಕೆಂಪು. ಮಣ್ಣು ಕೆಂಪಾಗಿಯೇ ಇದೆ. ಆದರೆ ಮರಗಳ ನಡುವಿನ ಹಸಿರು ಬಯಲಿನ ತುದಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕುಳಿತ ಮಹಾದೇವನ ಗುಡಿ ಪೂರ್ತಿ ಕರಿಕಲ್ಲಿನದು.

ಕದಂಬ ಯಾದವ ಶೈಲಿಯ, 12ನೇ ಅಥವಾ 13ನೇ ಶತಮಾನದ ಈ ಗುಡಿ ತುಂಬ ಚಿಕ್ಕದು. ನಮ್ಮ ಬನವಾಸಿಯ ಮಧುಕೇಶ್ವರನ ಪ್ರಾಂಗಣದಲ್ಲಿ ಇಡಿಯಾಗಿ ಇಟ್ಟುಬಿಡಬಹುದು. ಮೂರು ಕಡೆ ಬಾಗಿಲಿರುವ ಮಂಟಪ, ನಡುವೆ ನಾಲ್ಕು ಕಂಬ, ಮೇಲೆ ಅರಳಿದ ಕಮಲದ ಚಾವಣಿ, ಒಳಬಾಗಿಲಿನ ಎರಡೂ ಬದಿಗೆ ಜಾಲಂಧ್ರ, ಮಂಟಪದ ಮಧ್ಯೆ ತಲೆಯಿಲ್ಲದ ನಂದಿ. ಒಂದು ಕಂಬದ ಬುಡದಲ್ಲಿ ಕುದುರೆಯನ್ನು ತುಳಿಯುತ್ತಿರುವ ಆನೆಯಿದೆ. ಶಿಖರ ಪೂರ್ತಿಯಾಗದೆ ಹಾಗೆಯೇ ನಿಂತುಹೋಗಿದೆ. ಗೋವೆಯಲ್ಲಿ ಆ ಕಾಲದ ಕಲ್ಲಿನ ಗುಡಿ ಇಷ್ಟು ಇಡಿಯಾಗಿ ಉಳಿದಿರುವುದು ಇದೊಂದೇ, ಕಾಡು ಮುಚ್ಚಿಟ್ಟುಕೊಂಡದ್ದರಿಂದ. ನಾಲ್ಕು ದಿನಗಳಲ್ಲಿ ನಾವು ಕಂಡ ಹಳೆಯ ವಸ್ತುಗಳಲ್ಲಿ ಇಟ್ಟ ಜಾಗದಲ್ಲಿಯೇ ಇದ್ದದ್ದು ಇದೊಂದೆಂದು ನಾನು ಹೇಳಿದೆ. ಮಾವ ತಲೆಯಾಡಿಸಿದರು. ಈ ಕಲ್ಲು ಇಲ್ಲಿಯದಲ್ಲ. ಘಟ್ಟದ ಮೇಲಿನಿಂದ ತಂದದ್ದು ಎಂದು ಜನ ಹೇಳುತ್ತಾರೆ, ಅದು ಸರಿಯಿರಬೇಕು ಎಂದರು. ಸುತ್ತಲಿನ ಹೊಳೆಬದಿಯ ಬಂಡೆಗಳನ್ನೆಲ್ಲ ಅವರು ಆಗಲೇ ನೋಡಿ ಬಂದಿದ್ದರು.

ಆಮೇಲೆ ಅವರು ಹೊರಗೋಡೆಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತು ಎರಡು ಕಲ್ಲುಗಳ ಸಂದಿಯನ್ನು ಹೆಬ್ಬೆರಳಿನಿಂದ ಸವರಿದರು. ಈ ಗುಡಿಗೆ ಗಾರೆ ಬಳಸಿಲ್ಲ. ಕಲ್ಲಿನ ಮೇಲೆ ಕಲ್ಲು, ಭಾರದಿಂದಲೇ ಕುಳಿತಿದೆ. ನೆಲದಿಂದ ಒಂದು ಒಣ ಹುಲ್ಲುಕಡ್ಡಿ ಆಯ್ದು, ಸಂದಿಯ ಉದ್ದಕ್ಕೂ ಮೆಲ್ಲಗೆ ಒತ್ತುತ್ತ ಹೋದರು. ಕಡ್ಡಿ ಬಾಗಿತೇ ಹೊರತು ಎಲ್ಲಿಯೂ ಒಳಗೆ ಇಳಿಯಲಿಲ್ಲ. ಮೂಲೆಯವರೆಗೂ ಹೋಗಿ, ತಿರುಗಿ ಇನ್ನೊಂದು ಸಾಲಿನಲ್ಲಿ ಬಂದರು. ನಲವತ್ತು ವರ್ಷದಲ್ಲಿ ತಾನು ಕಟ್ಟಿದ ಯಾವ ಗೋಡೆಯೂ ಈ ಪರೀಕ್ಷೆಗೆ ನಿಲ್ಲುವುದಿಲ್ಲ ಎಂದು ಅವರು ಸಮಾಧಾನದ ದನಿಯಲ್ಲಿಯೇ ಹೇಳಿದರು.

ನಾವು ಮೆಟ್ಟಿಲಿಳಿದು ಹೊಳೆಯಲ್ಲಿ ಕಾಲು ತೊಳೆದೆವು. ನೀರು ಮೊಣಕಾಲಿನಷ್ಟೂ ಇರಲಿಲ್ಲ, ಆದರೆ ತಣ್ಣಗಿತ್ತು. "ಇಷ್ಟು ದೂರ ಕಲ್ಲು ಹೊತ್ತು ಬಂದ ಮೇಸ್ತ್ರಿ, ಶಿಖರ ಮುಗಿಸದೆ ಎಲ್ಲಿಗೆ ಹೋದನೋ" ಎಂದು ಮಾವ ಘಟ್ಟದ ಕಡೆ ನೋಡುತ್ತ ಕೇಳಿದರು. ಚಾಲಕ ಮೇಲಿನಿಂದ ಹಾರ್ನ್ ಮಾಡುತ್ತಿದ್ದ. ಅವರು ಪಂಚೆ ಇಳಿಸಿಕೊಂಡು ಎದ್ದು, ದಾರಿಯಲ್ಲಿ ಇನ್ನೊಮ್ಮೆ ಆ ಗೋಡೆಯ ಮೂಲೆಗೆ ಹೋಗಿ ಅಂಗೈ ಇಟ್ಟು ಬಂದರು.